ದಾವಣಗೆರೆಯ ರಸ್ತೆ ಅಂಚಿಗೆ ಯಾವ ಇ-ಸೈಕಲ್?

ಹೋದ ತಿಂಗಳು ಅಕ್ಕನ ಮಗ ಫೋನಿಗೆ ಒಂದು ವಿಡಿಯೋ ಕಳಿಸಿದ. ದಪ್ಪ ಟೈರಿನ ಇ-ಸೈಕಲ್. ಹ್ಯಾಂಡಲ್ ಮೇಲಿನ ಪುಟ್ಟ ಸ್ಕ್ರೀನಿನಲ್ಲಿ ವೇಗ ಗಂಟೆಗೆ 45 ಕಿಲೋಮೀಟರ್ ಅಂತ ಮಿನುಗುತ್ತಿತ್ತು. ಕೆಳಗೆ ಒಂದೇ ಸಾಲು: "ಮಾವ, ಇದಕ್ಕೆ ಲೈಸೆನ್ಸ್ ಬೇಡ್ವಂತೆ. ತಗೊಳ್ಳಲಾ?"

ಅದೇ ವಾರ ಅತ್ತಿಗೆಯೂ ಕೇಳಿದರು. ಅವರು ಪಿ.ಜೆ. ಬಡಾವಣೆಯಲ್ಲಿ ಮನೆಪಾಠ ಹೇಳುತ್ತಾರೆ. ದಿನಕ್ಕೆ ಎರಡು ಸಲ ಓಡಾಟ, ಆಟೋಗೆ ಕೊಟ್ಟು ಕೊಟ್ಟು ಸಾಕಾಗಿದೆ. ಆಮೇಲೆ ಅಪ್ಪ. ಎಷ್ಟೇ ಮಂಡಿ ನೋವಿರಲಿ, ಬೆಳಗ್ಗೆ ಕುಂದವಾಡ ಕೆರೆಗೆ ಹೋಗಿ ಬರದಿದ್ದರೆ ಅವರಿಗೆ ತಿಂಡಿ ಸೇರುವುದಿಲ್ಲ. ಮೂವರೂ ಬಳಸಿದ ಪದ "ಎಲೆಕ್ಟ್ರಿಕ್ ಬೈಕ್". ಮೂವರ ತಲೆಯಲ್ಲಿದ್ದ ಗಾಡಿ ಮಾತ್ರ ಬೇರೆ ಬೇರೆ.

ನಾನು ವಿದ್ಯಾನಗರದಿಂದ ಪಿ.ಬಿ. ರಸ್ತೆಯ ಕಡೆಗೆ ಎರಡು ವರ್ಷದಿಂದ ಇ-ಸೈಕಲ್ ತುಳಿಯುತ್ತಿದ್ದೇನೆ. ಒಂದು ಸಲ ಬಿದ್ದಿದ್ದೇನೆ, ಆ ಕಥೆ ಮುಂದೆ ಬರುತ್ತದೆ. ಮೂವರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಮೊದಲು ದಾರಿಯ ವಿಷಯ. ದಾವಣಗೆರೆ 2016ರ ಜನವರಿಯಲ್ಲೇ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿತ್ತು. ರಸ್ತೆ, ಫುಟ್‌ಪಾತ್ ಸುಮಾರು ಸುಧಾರಿಸಿವೆ. ಆದರೂ ಸೈಕಲ್ ತುಳಿಯುವವನ ಪಾಲಿಗೆ ದಾರಿ ಅಂದರೆ ಬಹುತೇಕ ಕಡೆ ರಸ್ತೆಯ ಎಡ ಅಂಚೇ. ಆ ಅಂಚಿಗೆ ಪಾಲುದಾರರು ಜಾಸ್ತಿ. ಸೊಪ್ಪಿನ ತಳ್ಳುಗಾಡಿ, ಗಿರಾಕಿ ಕಂಡ ಕಡೆ ನಿಲ್ಲುವ ಆಟೋ, ರಾಂಗ್ ಸೈಡಿನಲ್ಲಿ ಎದುರಾಗುವ ಸ್ಕೂಟರ್, ಬೆಣ್ಣೆ ದೋಸೆ ತಿಂದು ಫೋನ್ ನೋಡುತ್ತಾ ಹೊರಗೆ ಬರುವವರು. ಗಾಡಿ ಆರಿಸುವಾಗ ಇವರನ್ನೆಲ್ಲ ಕಣ್ಣ ಮುಂದೆ ಇಟ್ಟುಕೊಳ್ಳಬೇಕು. ಅಂಗಡಿಯ ಹೊಳೆಯುವ ನೆಲದ ಮೇಲೆ ಎಲ್ಲ ಗಾಡಿಯೂ ಚಂದವೇ.

25ರ ಗೆರೆ

ಲೈಸೆನ್ಸ್ ಬೇಕೋ ಬೇಡವೋ ಅನ್ನುವುದು ಗಾಡಿಯ ಆಕಾರ ನೋಡಿ ತೀರ್ಮಾನ ಆಗುವುದಿಲ್ಲ. ಪೆಡಲ್ ಇದ್ದ ಮಾತ್ರಕ್ಕೆ ಅದು ಸೈಕಲ್ ಆಗುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮದ ಲೆಕ್ಕ ಹೀಗಿದೆ: ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ ಇರಬೇಕು. ವೇಗ ಗಂಟೆಗೆ 25 ಕಿಲೋಮೀಟರ್ ದಾಟಬಾರದು. ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋ ಮೀರಬಾರದು. ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. ಪೆಡಲ್ ತುಳಿದಾಗ ನೆರವಾಗುವ ಗಾಡಿಯಾದರೆ, 25 ತಲುಪುವ ಹೊತ್ತಿಗೆ ಅಥವಾ ತುಳಿಯುವುದು ನಿಂತ ಕೂಡಲೇ ಮೋಟಾರ್ ಸುಮ್ಮನಾಗಬೇಕು. ಇಷ್ಟನ್ನೂ ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯೊಂದು ನೋಡಿ ಪ್ರಮಾಣಪತ್ರ ಕೊಟ್ಟಿರಬೇಕು. ಪುಣೆಯ ಎಆರ್‌ಎಐ ಅಂಥದೊಂದು. ಆಗ ಮಾತ್ರ ಅದು ಮೋಟಾರು ವಾಹನ ಅಲ್ಲ. ನೋಂದಣಿ, ಲೈಸೆನ್ಸ್, ಇನ್ಶೂರೆನ್ಸ್ ಬೇಡ.

ಈ ಗೆರೆ ದಾಟಿದರೆ ಅದು ಮೋಟಾರ್ ಬೈಕೇ. ಆರ್‌ಸಿ, ಡಿಎಲ್, ಇನ್ಶೂರೆನ್ಸ್, ಹೆಲ್ಮೆಟ್, ಹಸಿರು ಬೋರ್ಡಿನ ಮೇಲೆ ಬಿಳಿ ಅಕ್ಷರದ ನಂಬರ್ ಪ್ಲೇಟ್, ಎಲ್ಲವೂ ಬೇಕು. ಅಳಿಯ ಕಳಿಸಿದ ವಿಡಿಯೋದ ಗಾಡಿಗೆ ಇದರಲ್ಲಿ ಒಂದೂ ಇರಲಿಲ್ಲ. "ಕಂಪನಿಯಿಂದ ಬರುವಾಗ 25ಕ್ಕೇ ಲಾಕ್ ಇರುತ್ತೆ, ಸೆಟ್ಟಿಂಗ್‌ನಲ್ಲಿ ಬಿಚ್ಚಿಕೊಡ್ತೀವಿ" ಅಂತ ಅಂಗಡಿಯವರು ಹೇಳಿದ್ದರಂತೆ. ಸೆಟ್ಟಿಂಗ್ ಬಿಚ್ಚಿದ ಕ್ಷಣಕ್ಕೆ ಅದು ನೋಂದಣಿ ಇಲ್ಲದ ಮೋಟಾರ್ ಬೈಕ್ ಆಯಿತು, ಅಲ್ವಾ? ಯಾರಿಗಾದರೂ ಗುದ್ದಿದರೆ ಇನ್ಶೂರೆನ್ಸ್ ಕಂಪನಿ ಅಂತ ಒಂದು ಇರುವುದೇ ಇಲ್ಲ. ಆಸ್ಪತ್ರೆ ಖರ್ಚು, ಪರಿಹಾರ, ಕೇಸು, ಎಲ್ಲ ಓಡಿಸಿದವನ ತಲೆ ಮೇಲೆ. ಅವನಿಗೆ ಸಂಬಳ ಇಲ್ಲ ಅಂದಮೇಲೆ ನಮ್ಮ ಭಾವನ ತಲೆ ಮೇಲೆ.

ಅಳಿಯನ ತಮ್ಮನಿಗೆ ಇನ್ನೂ ಹದಿನೈದು. ಅಣ್ಣ ತಂದ ಗಾಡಿಯನ್ನು ತಮ್ಮ ಮುಟ್ಟದೆ ಬಿಡುತ್ತಾನಾ? ಚಿಕ್ಕವರ ಕೈಗೆ ಮೋಟಾರು ವಾಹನ ಸಿಕ್ಕಿ ತಪ್ಪಾದರೆ ಹೆತ್ತವರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಅಂತ 2019ರ ತಿದ್ದುಪಡಿಯಲ್ಲಿದೆ. ಇದನ್ನು ಅಕ್ಕನಿಗೆ ಹೇಳಿದ ಮೇಲೆ 45ರ ಮಾತು ಆ ಮನೆಯಲ್ಲಿ ಅರ್ಧ ತಣ್ಣಗಾಯಿತು.

ಒಂದು ಬಸ್ಸು, ಮೂರು ಬಸ್ಸು

ಕಾನೂನು ಬದಿಗಿಡೋಣ. 25ಕ್ಕೂ 45ಕ್ಕೂ ಎಷ್ಟು ವ್ಯತ್ಯಾಸ? ಸಂಖ್ಯೆ ನೋಡಿದರೆ ಇಪ್ಪತ್ತು ಅಷ್ಟೇ. ಬ್ರೇಕ್ ಹಿಡಿದಾಗ ಗೊತ್ತಾಗುತ್ತದೆ.

ಮಗು ಅಡ್ಡ ಬಂತು ಅಂದುಕೊಳ್ಳಿ. ಕಣ್ಣು ನೋಡಿ, ತಲೆಗೆ ಹೊಳೆದು, ಬೆರಳು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡು ಹೋಯಿತು. 25ರಲ್ಲಿ ಆ ಒಂದು ಸೆಕೆಂಡಿಗೆ 7 ಮೀಟರ್ ಸಾಗಿರುತ್ತೀರಿ. ಒಳ್ಳೆ ಬ್ರೇಕ್, ಒಣ ರಸ್ತೆ ಇದ್ದರೆ ಮುಂದಿನ 6 ಮೀಟರಿನಲ್ಲಿ ನಿಲ್ಲುತ್ತೀರಿ. ಒಟ್ಟು 13. ಹೆಚ್ಚು ಕಡಿಮೆ ಒಂದು ಕೆಎಸ್‌ಆರ್‌ಟಿಸಿ ಬಸ್ಸಿನ ಉದ್ದ. 45ರಲ್ಲಿ ಅದೇ ಒಂದು ಸೆಕೆಂಡಿಗೆ 12.5 ಮೀಟರ್, ಆಮೇಲೆ ನಿಲ್ಲಲು ಇನ್ನೂ 19 ಮೀಟರ್‌ಗಿಂತ ಜಾಸ್ತಿ. ಒಟ್ಟು 32. ಸಾಲಾಗಿ ನಿಂತ ಮೂರು ಬಸ್ಸು ಹತ್ತಿರ ಹತ್ತಿರ. ವೇಗ ಎರಡು ಪಟ್ಟು ಕೂಡ ಆಗಿಲ್ಲ, ನಿಲ್ಲುವ ದೂರ ಎರಡೂವರೆ ಪಟ್ಟಾಯಿತು. ಗುದ್ದುವ ಶಕ್ತಿಯ ಲೆಕ್ಕ ಇನ್ನೂ ಕೆಟ್ಟದು. ಅದು ವೇಗವನ್ನು ವೇಗದಿಂದಲೇ ಗುಣಿಸಿದ ಹಾಗೆ ಏರುವುದರಿಂದ ಮೂರು ಪಟ್ಟು ಮೀರುತ್ತದೆ. 15ರಲ್ಲಿ ಹೋಗುವ ಮಾಮೂಲಿ ಸೈಕಲ್ಲಿಗೆ ಆರೂವರೆ ಮೀಟರ್, ಅರ್ಧ ಬಸ್ಸು ಸಾಕು.

ಮಂಡಿಪೇಟೆಯಲ್ಲಿ, ಚಾಮರಾಜಪೇಟೆಯಲ್ಲಿ ನಿಮ್ಮ ಮುಂದೆ ಮೂರು ಬಸ್ಸಿನಷ್ಟು ಖಾಲಿ ಜಾಗ ಕೊನೆಯ ಸಲ ಕಂಡಿದ್ದು ಯಾವಾಗ? ನಾನು ಕಂಡಿದ್ದು ಲಾಕ್‌ಡೌನ್‌ನಲ್ಲಿ.

ಉಳಿಯುವ ಸಮಯವನ್ನೂ ನೋಡಿ. ನಾಲ್ಕು ಕಿಲೋಮೀಟರ್ ದಾರಿಯನ್ನು ಎಲ್ಲೂ ನಿಲ್ಲದೆ 25ರಲ್ಲಿ ಹೋದರೆ ಒಂಬತ್ತೂವರೆ ನಿಮಿಷ, 45ರಲ್ಲಿ ಐದೂಕಾಲು. ಉಳಿತಾಯ ನಾಲ್ಕು ನಿಮಿಷ. ಜಯದೇವ ಸರ್ಕಲ್ಲಿನಲ್ಲೋ ಗಾಂಧಿ ಸರ್ಕಲ್ಲಿನಲ್ಲೋ ಅದು ಕರಗಿಹೋಗುತ್ತದೆ. ಭರ್ರಂತ ನನ್ನನ್ನು ದಾಟಿ ಹೋದ ಹುಡುಗರ ಪಕ್ಕದಲ್ಲೇ ಸಿಗ್ನಲ್ಲಿನಲ್ಲಿ ಹೋಗಿ ನಿಂತಿದ್ದು ಎಷ್ಟು ಸಲವೋ!

ಸೈಕಲ್ಲಿಗೆ ಹೆಸರಾದ ನೆದರ್ಲೆಂಡ್ಸ್‌ನಲ್ಲೂ 45 ಓಡುವ ಇ-ಸೈಕಲ್ಲನ್ನು ಸೈಕಲ್ ಅಂತ ಲೆಕ್ಕ ಹಾಕುವುದಿಲ್ಲ. 2017ರ ಜನವರಿಯಿಂದ ಅಲ್ಲಿ ಅದು ಮೊಪೆಡ್. ನಂಬರ್ ಪ್ಲೇಟ್, ಹೆಲ್ಮೆಟ್, ಲೈಸೆನ್ಸ್, ಇನ್ಶೂರೆನ್ಸ್ ಎಲ್ಲ ಕಡ್ಡಾಯ. ಊರೊಳಗೆ ಮಾಮೂಲಿ ಸೈಕಲ್ ಪಥಕ್ಕೆ ಅದನ್ನು ಬಿಡುವುದಿಲ್ಲ, ಕಾರುಗಳ ಜೊತೆ ರಸ್ತೆಯಲ್ಲೇ ಹೋಗಬೇಕು. ಅಷ್ಟು ಅಗಲದ, ಬೇರೆಯಾಗಿ ಕಟ್ಟಿದ ಸೈಕಲ್ ಪಥ ಇರುವವರೇ ಬೇಡ ಅಂದಿದ್ದನ್ನು ನಾವು ಅಶೋಕ ರಸ್ತೆಯ ಅಂಚಿನಲ್ಲಿ ಓಡಿಸುವುದು ಹೇಗೆ? ಯುರೋಪಿನಲ್ಲಿ ಸೈಕಲ್ ಅನಿಸಿಕೊಳ್ಳುವ ಇ-ಸೈಕಲ್ಲಿನ ಮಿತಿಯೂ 250 ವಾಟ್, 25 ಕಿಲೋಮೀಟರೇ.

ಹೆಲ್ಮೆಟ್ ಇದೆಯಲ್ಲ ಅಂತ ಅಳಿಯ ವಾದ ಮಾಡಿದ. ಸೈಕಲ್ ಹೆಲ್ಮೆಟ್‌ಗಳ ಯುರೋಪಿನ ಪರೀಕ್ಷೆಯಲ್ಲಿ ಹೆಲ್ಮೆಟ್ ನೆಲಕ್ಕೆ ಬಡಿಯುವ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. 45ಕ್ಕೆ ಆ ಹಗುರ ಥರ್ಮಾಕೋಲಿನ ಟೋಪಿ ನಂಬಿಕೊಳ್ಳುವುದು ಬೇಡ. ಅಷ್ಟು ವೇಗ ಬೇಕಿದ್ದರೆ ಐಎಸ್‌ಐ ಗುರುತಿನ ಬೈಕ್ ಹೆಲ್ಮೆಟ್ಟೇ ಹಾಕಬೇಕು. ಹಾಕಿದ ಮೇಲೆ ಸೈಕಲ್ ಯಾಕೆ, ಸ್ಕೂಟರ್ರೇ ತಗೋ ಅಂದೆ.

ನಾನು ಬಿದ್ದಿದ್ದು

ಗಾಡಿ 25ರ ಒಳಗೇ ಇದ್ದರೂ ಎಲ್ಲ ಇ-ಸೈಕಲ್ ಒಂದೇ ಅಲ್ಲ. ಇದನ್ನು ನಾನು ಕಲಿತಿದ್ದು ಹದಡಿ ರಸ್ತೆಯಲ್ಲಿ, ಗಾಡಿ ತಗೊಂಡ ಮೊದಲ ವಾರ. ಒಂದು ತಿರುವು, ಎದುರಿಗೆ ಸೊಪ್ಪಿನ ಗಾಡಿ. ತುಳಿಯುವುದನ್ನು ನಿಲ್ಲಿಸಿದೆ. ಸೈಕಲ್ ನಿಲ್ಲಲಿಲ್ಲ. ಮೋಟಾರ್ ಇನ್ನೂ ಅರ್ಧ ಸೆಕೆಂಡು ತಳ್ಳುತ್ತಲೇ ಇತ್ತು. ಗಾಬರಿಯಲ್ಲಿ ಎಡಗೈ ಬ್ರೇಕ್ ಹಿಡಿದೆ, ಆಗಲೂ ತಳ್ಳಿತು. ಮೆಂತ್ಯ ಸೊಪ್ಪಿನ ಮೇಲೆ ಮಗುಚಿಕೊಂಡೆ. "ಏನ್ರಿ, ಸೈಕಲ್ ತುಳಿಯಾಕ ಬರಲ್ವೇನ್ರಿ?" ಅಂದರು ಆ ಅಮ್ಮ. ಆರು ಕಟ್ಟಿನ ದುಡ್ಡು ಕೊಟ್ಟು, ಆರೂ ಕಟ್ಟು ಮನೆಗೆ ತಂದೆ. ಮೂರು ದಿನ ಮೆಂತ್ಯ ಪಲ್ಯ.

ಆಮೇಲೆ ತಿಳಿದ ಸಂಗತಿ ಎರಡು. ಮೊದಲನೆಯದು ಸೆನ್ಸರ್. ಕಡಿಮೆ ಬೆಲೆಯ ಇ-ಸೈಕಲ್‌ಗಳಲ್ಲಿ ಇರುವುದು ಕೇಡೆನ್ಸ್ ಸೆನ್ಸರ್. ಪೆಡಲ್ ತಿರುಗುತ್ತಿದೆಯಾ ಇಲ್ಲವಾ ಅಂತ ಅಷ್ಟೇ ನೋಡುತ್ತದೆ. ತಿರುಗಿದರೆ ಮೋಟಾರ್ ಪೂರ್ತಿ ಆನ್, ನಿಂತರೆ ತುಸು ತಡವಾಗಿ ಆಫ್. ನೀವು ಮೆಲ್ಲಗೆ ತುಳಿದರೂ ಅದು ಜೋರಾಗಿಯೇ ತಳ್ಳುತ್ತದೆ. ಟಾರ್ಕ್ ಸೆನ್ಸರ್ ಇದ್ದರೆ ಕಾಲು ಹಾಕಿದ ಬಲಕ್ಕೆ ತಕ್ಕಷ್ಟೇ ನೆರವು. ಜನರ ನಡುವೆ ಆಮೆಯ ಹಾಗೆ ಹೋಗುವಾಗ ಈ ವ್ಯತ್ಯಾಸ ಬಹಳ ದೊಡ್ಡದು. ಟಾರ್ಕ್ ಸೆನ್ಸರಿನ ಗಾಡಿ ದುಬಾರಿ, ನಿಜ. ದೊಡ್ಡ ಬ್ಯಾಟರಿಗೆ ಕೊಡುವ ಹೆಚ್ಚಿನ ದುಡ್ಡನ್ನು ಇದಕ್ಕೆ ಕೊಡಿ ಅನ್ನುವುದು ನನ್ನ ಮಾತು.

ಎರಡನೆಯದು ಬ್ರೇಕ್ ಲಿವರಿನೊಳಗಿನ ಪುಟ್ಟ ಸ್ವಿಚ್. ಬ್ರೇಕ್ ಮುಟ್ಟಿದ ಕೂಡಲೇ ಅದು ಮೋಟಾರಿನ ಕರೆಂಟ್ ಕಡಿಯಬೇಕು. ನನ್ನ ಗಾಡಿಯಲ್ಲಿ ಎಡಗಡೆಯ ವೈರನ್ನೇ ಸಿಕ್ಕಿಸಿರಲಿಲ್ಲ. ಜೋಡಿಸಿದ ಅಂಗಡಿಗೆ ಹೋಗಿ ತೋರಿಸಿದರೆ "ಹೌದಾ ಸಾರ್, ಹುಡುಗ ಮರೆತಿರ್ಬೇಕು" ಅಂದರು. ಅಷ್ಟೇ.

ಥ್ರಾಟಲ್, ಅಂದರೆ ತುಳಿಯದೆಯೇ ಗಾಡಿ ಓಡಿಸುವ ಎಕ್ಸಲೇಟರ್, ಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಸಿಗ್ನಲ್ ಬಿಟ್ಟಾಗ, ಏರಿನಲ್ಲಿ ನಿಂತು ಹೊರಡುವಾಗ ಒಳ್ಳೆಯದು. ಜನಸಂದಣಿಯಲ್ಲಿ ಬೇಡ. ಹ್ಯಾಂಡಲ್ ತಿರುಗಿಸುವಾಗ ಗೊತ್ತಿಲ್ಲದೆ ಕೈ ತಿರುವಿ ಗಾಡಿ ಜಿಗಿಯುತ್ತದೆ. ಹೆಬ್ಬೆರಳಿನಲ್ಲಿ ಒತ್ತುವ ಥ್ರಾಟಲ್ ಆದರೆ ಸ್ವಲ್ಪ ವಾಸಿ.

ಹಳೇ ಸೈಕಲ್ಲಿಗೆ ಮೋಟಾರ್ ಕಿಟ್ ಹಾಕಿಸುವವರಿಗೂ ಒಂದು ಮಾತು. ಮನೆಯ ಮೂಲೆಯಲ್ಲಿರುವ ಕರಿ ಸೈಕಲ್ಲಿನ ಫ್ರೇಮ್ ಗಟ್ಟಿ, ಒಪ್ಪುತ್ತೇನೆ. ಅದರ ಕಡ್ಡಿ ಬ್ರೇಕು ಹನ್ನೆರಡು, ಹದಿನೈದರ ವೇಗಕ್ಕೆ ಹಾಕಿದ್ದು. ಮಳೆಯಲ್ಲಿ ರಿಮ್ ನೆನೆದರೆ ಆ ಬ್ರೇಕು ಇದ್ದೂ ಇಲ್ಲದ ಹಾಗೆ. ಮುಂದಿನ ಚಕ್ರಕ್ಕೆ ಹಬ್ ಮೋಟಾರ್ (ಚಕ್ರದ ನಡುವೆಯೇ ಕೂರುವ ಮೋಟಾರ್) ಹಾಕಿದರೆ ಮರಳಿನಲ್ಲಿ, ಕೆಸರಿನಲ್ಲಿ ಜಾರುತ್ತದೆ. ಸುಮ್ನೆ ದುಡ್ಡು ಉಳಿಸಲು ಹೋಗಿ ಮೊಣಕೈ ಮುರಿದುಕೊಳ್ಳುವ ಕೆಲಸ.

ಅತ್ತಿಗೆಗೆ ಸ್ಕೂಟರ್, ಅಪ್ಪನಿಗೆ ಸೈಕಲ್

ಅತ್ತಿಗೆಯ ವಿಷಯದಲ್ಲಿ ನನ್ನ ಲೆಕ್ಕ ತಲೆಕೆಳಗಾಯಿತು. ನಡು ತಗ್ಗಿರುವ ಫ್ರೇಮಿನ ಇ-ಸೈಕಲ್ ಅಂತ ಮನಸ್ಸಿನಲ್ಲಿತ್ತು. ಅವರು ದಿನಾ ಸೀರೆ ಉಡುತ್ತಾರೆ, ಪುಸ್ತಕದ ಎರಡು ಚೀಲ ಹೊರುತ್ತಾರೆ, ಬರುವಾಗ ತರಕಾರಿ. 25ರ ಒಳಗಿನ ಕಡಿಮೆ ವೇಗದ ಸ್ಕೂಟರ್ ಅವರಿಗೆ ಸರಿಹೋಯಿತು. ಅದಕ್ಕೂ ಲೈಸೆನ್ಸ್ ಬೇಡ. ಕಾಲಿಡಲು ಜಾಗ ಇದೆ, ಸೆರಗು ಚೈನಿಗೆ ಸಿಗುವ ಭಯ ಇಲ್ಲ, ಎರಡೂ ಕಾಲು ನೆಲಕ್ಕೆ ತಾಗುತ್ತವೆ.

ಅದರ ಕೊರತೆಯನ್ನೂ ಹೇಳಿದೆ. ಚಕ್ರ ಚಿಕ್ಕದು. ಸೈಕಲ್ಲಿನ 26 ಇಂಚಿನ ಚಕ್ರ ದಾಟುವ ಗುಂಡಿಯಲ್ಲಿ ಸ್ಕೂಟರಿನ 10 ಇಂಚಿನ ಚಕ್ರ ಕೂತುಬಿಡುತ್ತದೆ. ಚಾರ್ಜ್ ಖಾಲಿಯಾದರೆ ತುಳಿದುಕೊಂಡು ಬರುವ ಹಾಗಿಲ್ಲ, ತಳ್ಳಬೇಕು. ಬಡಾವಣೆಯ ಒಳರಸ್ತೆಯಲ್ಲಿ 25 ಹಾಯಾಗಿದೆ. ಪಿ.ಬಿ. ರಸ್ತೆಗೆ ಬಂದರೆ ಹಿಂದಿನ ಲಾರಿ ಹಾರನ್ ಹೊಡೆದು ಹೊಡೆದು ಪ್ರಾಣ ತಿನ್ನುತ್ತದೆ. ಅಲ್ಲಿ ರಸ್ತೆ ನಡುವೆ ಹೋಗಲೂ ಆಗದು, ಅಂಚಿಗೆ ಬಂದರೆ ಅಗಲದ, ಭಾರದ ಗಾಡಿ ನಡೆಯುವವರಿಗೆ ತೊಂದರೆ. ಅವರ ದಾರಿಯಲ್ಲಿ ಪಿ.ಬಿ. ರಸ್ತೆ ಇಲ್ಲ, ಹಾಗಾಗಿ ನಡೆಯುತ್ತಿದೆ.

ಅಪ್ಪನದು ಬೇರೆ ಸಮಸ್ಯೆ. ಅವರು ಹತ್ತಿ ಗಿರಣಿಯ ಕಾಲದವರು, ಸೈಕಲ್ಲಿನಲ್ಲೇ ಬದುಕು ಕಳೆದವರು. ಕಾಲೆತ್ತಿ ಸೀಟಿನ ಹಿಂದಿನಿಂದ ದಾಟಿಸುವುದೇ ಅವರಿಗೆ ಸೈಕಲ್ ಹತ್ತುವ ರೀತಿ. ಈಗ ಮಂಡಿ ಬಿಡುವುದಿಲ್ಲ. ಮಾಮೂಲಿ ಸೈಕಲ್ ಹದಿನೈದು ಕಿಲೋ ಚಿಲ್ಲರೆ ಇದ್ದರೆ ಇ-ಸೈಕಲ್ 20ರಿಂದ 28 ಕಿಲೋ ತೂಗುತ್ತದೆ. ವಾಲಿದರೆ ಹಿಡಿಯುವುದು ಕಷ್ಟ. ಹಾಗಾಗಿ ಅಂಗಡಿಯಲ್ಲಿ ಇದ್ದದ್ದರಲ್ಲೇ ಹಗುರದ್ದು, ನಡು ತಗ್ಗಿನ ಫ್ರೇಮು, ಟಾರ್ಕ್ ಸೆನ್ಸರ್ ನೋಡಿ ಕೊಡಿಸಿದೆವು. ನೆರವಿನ ಮಟ್ಟ ಒಂದರಲ್ಲೇ ಇಡಿ ಅಂತ ಹೇಳಿದ್ದೇನೆ. ಎರಡಕ್ಕೆ ಏರಿಸಿದ್ದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ.

ಕುಂದವಾಡ ಕೆರೆಯ ದಾರಿಯಲ್ಲಿ ಬೆಳಗ್ಗೆ ನಾಲ್ಕು ನಾಲ್ಕು ಜನ ಸಾಲಾಗಿ ನಡೆಯುತ್ತಾರೆ. ಅವರ ವೇಗ ಗಂಟೆಗೆ ಐದು. ಇ-ಸೈಕಲ್ಲಿಗೆ ಸದ್ದಿಲ್ಲ. 25ರಲ್ಲಿ ಹಿಂದಿನಿಂದ ಬಂದರೆ, ಹತ್ತು ಹನ್ನೆರಡು ಮೀಟರ್ ದೂರದಲ್ಲಿದ್ದವರನ್ನು ಎರಡು ಸೆಕೆಂಡಿನಲ್ಲಿ ಮುಟ್ಟಿಬಿಡುತ್ತೀರಿ. ಬೆಲ್ ಕೇಳಿ ಅವರು ಎಡಕ್ಕೋ ಬಲಕ್ಕೋ ಅಂತ ಯೋಚಿಸುವಷ್ಟರಲ್ಲಿ ಮುಗಿಯಿತು. ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ಸರಿಯುತ್ತಾರೆ, ಒಬ್ಬರು ನಡುವೆಯೇ ನಿಂತು ಹಿಂದೆ ತಿರುಗುತ್ತಾರೆ. ಅಲ್ಲಿ ಮೋಟಾರ್ ಆಫ್ ಮಾಡಿ, ದೂರದಿಂದಲೇ ಬೆಲ್ ಹೊಡೆದು, ನಡಿಗೆಗಿಂತ ತುಸು ಜೋರಾಗಿ ದಾಟುವುದೇ ಸರಿ. ಗುಂಪು ಜಾಸ್ತಿ ಇದ್ದರೆ ಇಳಿದು ವಾಕ್ ಮೋಡ್ ಒತ್ತಿ. ಸುಮಾರು ಆರರ ವೇಗದಲ್ಲಿ ಸೈಕಲ್ ತಾನೇ ನಿಮ್ಮ ಪಕ್ಕ ನಡೆದು ಬರುತ್ತದೆ, ಕರು ಬಂದ ಹಾಗೆ.

ಇನ್ನು ಅಳಿಯ. ಅವನಿಗೆ ಈಗಷ್ಟೇ 18 ತುಂಬಿದೆ, ಓದುವುದು ತೋಳಹುಣಸೆಯ ಶಿವಗಂಗೋತ್ರಿಯಲ್ಲಿ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ. ಊರಾಚೆಯ ರಸ್ತೆ, ದೊಡ್ಡ ಗಾಡಿಗಳ ಓಡಾಟ. ಅವನಿಗೆ ವೇಗ ಬೇಕು ಅನ್ನುವುದರಲ್ಲಿ ತಪ್ಪಿಲ್ಲ. ಲೈಸೆನ್ಸ್ ಮಾಡಿಸಿ, ಹಸಿರು ಪ್ಲೇಟಿನ ನೋಂದಣಿ ಸ್ಕೂಟರ್ ತಗೊಳ್ಳಲಿ. ಸುಮಾರು ಒಂದು ಲಕ್ಷ ಅಥವಾ ಅದಕ್ಕೂ ಮೇಲೆ ಆಗುತ್ತದೆ. ಆದರೆ ಅದರ ಟೈರು, ಬ್ರೇಕು, ಲೈಟು, ಸಸ್ಪೆನ್ಷನ್ ಎಲ್ಲ ಆ ವೇಗಕ್ಕೇ ಮಾಡಿದ್ದು. ಹರಿಹರಕ್ಕೆ ದಿನಾ ಹೋಗಿ ಬರುವವರಿಗೂ ನನ್ನ ಉತ್ತರ ಇದೇ. ಊರೊಳಗಿನ ಕಾಲೇಜು ಆಗಿದ್ದರೆ 30,000 ಆಸುಪಾಸಿನ 25ರ ಇ-ಸೈಕಲ್ ಸಾಕಿತ್ತು. ಅದರ 360 ವಾಟ್-ಅವರ್ ಬ್ಯಾಟರಿ ತುಂಬಲು ಅರ್ಧ ಯೂನಿಟ್ ಕರೆಂಟೂ ಬೇಡ. ತುಳಿಯುತ್ತಾ ಹೋದರೆ ಮೂವತ್ತು ಕಿಲೋಮೀಟರ್ ಹತ್ತಿರ ಬರುತ್ತದೆ.

ಚಿತ್ರದುರ್ಗದವರಿಗೆ

ದಾವಣಗೆರೆ ಹೆಚ್ಚೂ ಕಡಿಮೆ ಸಪಾಟು. ದುರ್ಗ ಹಾಗಲ್ಲ. ಕೋಟೆ ಕಡೆಯ ಏರು, ಜೋಗಿಮಟ್ಟಿ ರಸ್ತೆ ನೋಡಿದವರಿಗೆ ಗೊತ್ತು. ಅಲ್ಲಿ ಗೇರ್ ಇಲ್ಲದ ಇ-ಸೈಕಲ್ ತಗೊಳ್ಳಬೇಡಿ. ಉದ್ದನೆಯ ಏರಿನಲ್ಲಿ ಥ್ರಾಟಲ್ ಒಂದನ್ನೇ ನೆಚ್ಚಿದರೆ ಹಬ್ ಮೋಟಾರ್ ಬಿಸಿಯಾಗುತ್ತದೆ. ಏರಿಗಿಂತ ಇಳಿಜಾರು ಹೆಚ್ಚು ಅಪಾಯ. ಮೋಟಾರ್ 25ಕ್ಕೆ ಕೈಬಿಟ್ಟರೂ ಇಳಿಜಾರು ಕೈಬಿಡುವುದಿಲ್ಲ, 40 ದಾಟಿದ್ದು ಗೊತ್ತೇ ಆಗುವುದಿಲ್ಲ. ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರಲಿ, ದುಡ್ಡು ಎಟುಕಿದರೆ ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಹೈಡ್ರಾಲಿಕ್. ಕೇಬಲ್ಲಿನ ಡಿಸ್ಕ್ ಆದರೆ ತಿಂಗಳಿಗೊಮ್ಮೆ ಬಿಗಿ ಮಾಡಿಸಿ.

ಚಪ್ಪಲಿ ಪರೀಕ್ಷೆ

ದುಡ್ಡು ಕೊಡುವ ಮೊದಲು ಪ್ರಮಾಣಪತ್ರ ಕೇಳಿ. ಎರಡೂ ಬ್ರೇಕಿನ ಕಟ್-ಆಫ್ ಸ್ವಿಚ್ ನೋಡಿ: ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಎತ್ತಿ, ಮೋಟಾರ್ ತಿರುಗುವಾಗ ಒಂದೊಂದೇ ಬ್ರೇಕ್ ಮುಟ್ಟಿ. ಆಮೇಲೆ ಗಾಡಿಯನ್ನು ಖಾಲಿ ರಸ್ತೆಗೆ ತನ್ನಿ. ನಾನು ಮಾಡುವುದು ಹೀಗೆ. ಒಂದು ಕಡೆ ಸೀಮೆಸುಣ್ಣದ ಗೆರೆ. ಅಲ್ಲಿಂದ ಐದು ದೊಡ್ಡ ಹೆಜ್ಜೆ ಆಚೆ ಒಂದು ಚಪ್ಪಲಿ. 20ರ ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕ್ ಹಿಡಿಯಬೇಕು. ಒಳ್ಳೆ ಗಾಡಿ ಚಪ್ಪಲಿ ಮುಟ್ಟುವ ಮುಂಚೆ ನಿಲ್ಲುತ್ತದೆ.

ಅಳಿಯನ ಗೆಳೆಯನೊಬ್ಬ ಆ ವಿಡಿಯೋದ ಗಾಡಿಯನ್ನೇ ತಂದಿದ್ದ. ಭಾನುವಾರ ಬೆಳಗ್ಗೆ, ನಮ್ಮ ಮನೆ ಹಿಂದಿನ ಸೈಟುಗಳ ಖಾಲಿ ರಸ್ತೆ. 20ರಲ್ಲಿ ಚಪ್ಪಲಿ ಹತ್ತಿರ ನಿಂತ. "ನೋಡಿ ಅಂಕಲ್" ಅಂದ. ಸರಿ, ಈಗ ನಿನ್ನ 45ರಲ್ಲಿ ಬಾ ಅಂದೆ. ದೂರದಿಂದ ಬಂದ, ಗೆರೆಯ ಮೇಲೆ ಬ್ರೇಕ್ ಹಿಡಿದ, ಹಿಂದಿನ ಚಕ್ರ ಕಿರ್ರಂತ ಓರೆಯಾಯಿತು. ಚಪ್ಪಲಿ ದಾಟಿದ, ಅದರ ಮುಂದಿನ ಲೈಟ್ ಕಂಬವನ್ನೂ ದಾಟಿದ. ಅಳಿಯ ಹೋಗಿ ಗೆರೆಯಿಂದ ಹೆಜ್ಜೆ ಎಣಿಸಿಕೊಂಡು ಬಂದ. ಇಪ್ಪತ್ತನಾಲ್ಕು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಳಿಯ ನನ್ನ ಕಡೆ ತಿರುಗಿ, "ಮಾವ, ಎಲ್‌ಎಲ್‌ಆರ್‌ಗೆ ಏನೇನು ಬೇಕು?" ಅಂತ ಕೇಳಿದ.